ಹಗುರ ಗರಗಸ

ಜೂನ್ ತಿಂಗಳ ಬಿರುಗಾಳಿಗೆ ಆರ್ವೋ ಮಟ್ಟಿಲಾನ ಮನೆಯ ಹಿಂದಿನ ಬರ್ಚ್ ಮರಗಳು ಒಂದರ ಮೇಲೊಂದು ಉರುಳಿ ಬಿದ್ದವು. ಬರ್ಚ್ ಮರದ ಗುಣ ನಮ್ಮ ಉತ್ತರ ಮಿಷಿಗನ್ನಿನ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಮೇಪಲ್ ಆದರೆ ಬಿದ್ದಲ್ಲೇ ಗಟ್ಟಿಯಾಗಿದ್ದು ಕೊಯ್ಯುವವನಿಗೆ ಕಾಯುತ್ತದೆ. ಬರ್ಚ್ ಕಾಯುವುದಿಲ್ಲ. ಮೇಲೆ ತೊಗಟೆ ಮದುವಣಗಿತ್ತಿಯ ಉಡುಪಿನಂತೆ ಬೆಳ್ಳಗೇ ಇರುತ್ತದೆ, ಒಳಗೆ ಕೊಳೆತು ಪುಡಿಯಾಗಿರುತ್ತದೆ. ಹಿಮ ಬೀಳುವುದರೊಳಗೆ ಕೊಯ್ದು, ಸೀಳಿ, ಪೇರಿಸಿಬಿಡಬೇಕು.

ಕೊಯ್ಯಬೇಕಾದವನ ಕೈಯೇ ಆ ವರ್ಷ ಸರಿಯಿರಲಿಲ್ಲ. ಆರ್ವೋ ಫೆಬ್ರವರಿಯಲ್ಲಿ ಹಿತ್ತಲ ಸೌನಾದ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದ. ಸೌನಾ ಎಂದರೆ ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಹಬೆಯಲ್ಲಿ ಕೂತು ಮೈ ತೊಳೆಯುವ ಮರದ ಮನೆ. ಎಡಭುಜಕ್ಕೆ ಆಪರೇಷನ್ ಆಯಿತು. ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು. ಅವನ ಹಳೆಯ ಚೈನ್ ಗರಗಸ ಕರುವಿನಷ್ಟು ಭಾರ. ಕೊಟ್ಟಿಗೆಯಲ್ಲಿ ಬೆಂಚಿನ ಮೇಲೆ ಗೋಣಿ ಹೊದ್ದು ಕೂತಿತ್ತು. ಅವನು ದಿನಾ ಹೋಗಿ ಅದನ್ನು ನೋಡಿ ಬರುತ್ತಿದ್ದ.

ಆಗಸ್ಟ್ ಮುಗಿಯುವ ಹೊತ್ತಿಗೆ ಮಾತು ಊಟದ ಮೇಜಿಗೆ ಬಂತು. ಆರ್ವೋನ ಹೆಂಡತಿ ಸೈಮಾ ಎಲ್ಲರಿಗೂ ಮೀನು, ಬೇಯಿಸಿದ ಆಲೂಗಡ್ಡೆ ಬಡಿಸುತ್ತಿದ್ದಳು.

"ಈ ಸಲ ಮನೆ ಕಾಯಿಸೋಕೆ ಗ್ಯಾಸ್ ಒಲೆ ಹಾಕಿಸಿಬಿಡೋಣ," ಎಂದಳು ಸೊಸೆ ರೋಂಡಾ. ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳಿಗೆ ಕೆಲಸ, ಮನೆಗೆ ಬಂದಾಗ ಕಾಲು ಊದಿರುತ್ತಿತ್ತು.

"ಸೌನಾಕ್ಕೂ ಗ್ಯಾಸಾ?" ಎಂದ ಆರ್ವೋ.

"ಮನೆಗೆ ಆರ್ವೋ, ಮನೆಗೆ. ಸೌನಾ ನಿಮ್ಮ ಚರ್ಚು. ಅದನ್ನ ನಾನು ಮುಟ್ಟಲ್ಲ."

"ಮನೆಗೆ ಸೌದೆ ಬೇಡ ಅಂದ್ಮೇಲೆ ಸೌನಾಕ್ಕೆ ಅಂತ ಯಾರು ಕೊಯ್ತಾರೆ? ಎರಡು ವರ್ಷ ನೋಡು, ಅದರೊಳಗೆ ಸೈಕಲ್ ಇಟ್ಟಿರ್ತೀರಿ."

"ಹೋದ ಚಳಿಗಾಲ ನಿಮ್ಮ ಕೈ ಜೋಳಿಗೇಲಿತ್ತು. ಡೇಲ್ ಹಿಮ ತಳ್ಳೋ ಲಾರಿ ಮೇಲಿದ್ದ. ಬೆಳಗಿನ ಕತ್ತಲೇಲಿ ಸೌದೆ ಹೊತ್ತು ತಂದೋಳು ಯಾರು, ಹೇಳಿ."

ತಂದವಳು ಅವಳೇ ಎಂದು ಎಲ್ಲರಿಗೂ ಗೊತ್ತಿತ್ತು.

"ನವೆಂಬರಲ್ಲಿ ಜಿಂಕೆ ಬೇಟೆ ಶುರುವಾಗೋ ಹೊತ್ತಿಗೆ ಆ ಮರ ಎಲ್ಲ ಕೊಯ್ದು ಪೇರಿಸಿದ್ರೆ ಸರಿ," ಎಂದಳು ರೋಂಡಾ. "ಇಲ್ಲದಿದ್ರೆ ಗ್ಯಾಸಿನೋನನ್ನ ಕರೀತೀನಿ. ಆಮೇಲೆ ಯಾರೂ ಮುಖ ಊದಿಸ್ಕೋಬಾರದು."

"ಹಗುರದ್ದೊಂದು ಗರಗಸ ತಗೊಂಡ್ರೆ ನಾನೇ ಕೊಯ್ತೀನಿ," ಎಂದ ಆರ್ವೋ.

"ನಾನಿಲ್ವಾ ಅಪ್ಪ?" ಎಂದ ಮಗ ಡೇಲ್. ಕೌಂಟಿಯ ರಸ್ತೆ ಕೆಲಸದಲ್ಲಿ ಲಾರಿ ಓಡಿಸುವವನು, ಅಪ್ಪನ ಹಾಗೇ ಅಗಲ ಬೆನ್ನು.

"ಹೋದ ವರ್ಷ ಸೌನಾ ಬಾಗಿಲಿನ ಕೀಲು ಸರಿ ಮಾಡ್ತೀನಿ ಅಂದಿದ್ದೆ ನೀನು. ಇನ್ನೂ ಹಗ್ಗ ಕಟ್ಟಿದೆ," ಎಂದ ಆರ್ವೋ.

ಮೊಮ್ಮಗಳು ಟೆಸ್ಸಾ ನಕ್ಕಳು. ಹತ್ತೊಂಬತ್ತರ ಹುಡುಗಿ, ವೃದ್ಧಾಶ್ರಮದಲ್ಲಿ ಕೆಲಸ. ಡೇಲ್ ಅವಳ ತಟ್ಟೆಯಿಂದ ಒಂದು ಆಲೂಗಡ್ಡೆ ಎತ್ತಿಕೊಂಡು ಸೇಡು ತೀರಿಸಿಕೊಂಡ.

ಆ ಶುಕ್ರವಾರ ಆರ್ವೋ, ಡೇಲ್, ಸೈಮಾ ಮೂವರೂ ಊರೊಳಗಿನ ಲೂಮಾ ಅಂಗಡಿಗೆ ಹೋದರು. ಅಂಗಡಿಯ ಗರ್ಟಿ ಲೂಮಾ ದೊಡ್ಡ ದನಿಯ ಹೆಂಗಸು. ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ ಗರಗಸಗಳ ಕೆಳಗೆ ಕೂತು ಒಬ್ಬಳೇ ಇಸ್ಪೀಟು ಆಡುತ್ತಿದ್ದಳು.

"ಹಗುರದ್ದು ಬೇಕು," ಎಂದ ಡೇಲ್.

"ಯಾರು ಕೊಯ್ಯೋದು?"

"ನಾನು," ಎಂದ ಡೇಲ್.

"ನಾನು," ಎಂದ ಆರ್ವೋ.

ಗರ್ಟಿ ಇಬ್ಬರನ್ನೂ ನೋಡಿದಳು. "ಒಂದು ಗರಗಸಕ್ಕೆ ಎರಡು ನಾನು. ಗರಗಸಕ್ಕೆ ಆಗಲಿ, ಈ ಸಂಸಾರಕ್ಕೆ ಆಗಲಿ, ಒಂದು ನಾನು ಸಾಕು ಕಣ್ರಪ್ಪ." ಪೆಟ್ರೋಲಿನದ್ದೊಂದು ಚಿಕ್ಕದನ್ನು ಇಳಿಸಿ ಆರ್ವೋನ ಕೈಗೆ ಕೊಟ್ಟಳು. ಅವನು ಬಲಗೈಯಲ್ಲಿ ಎತ್ತಿ, ತೂಗಿ, "ಪರವಾಗಿಲ್ಲ" ಎಂದು ಮೇಜಿನ ಮೇಲಿಟ್ಟ. ಎಡಗೈಗೆ ಕೊಡಲಿಲ್ಲ.

"ದೊಡ್ಡ ಮಳಿಗೇಲಿ ಬ್ಯಾಟರಿದು ಇದಕ್ಕಿಂತ ಕಡಿಮೆಗೆ ಸಿಗುತ್ತೆ," ಎಂದ ಡೇಲ್.

"ಸಿಗುತ್ತೆ. ಅವರು ಡಬ್ಬ ಮಾರ್ತಾರೆ. ನಾನು ಎಣ್ಣೆ, ಪೆಟ್ರೋಲ್ ಎಲ್ಲ ಹಾಕಿ, ಓಡಿಸಿ ತೋರಿಸಿ, ಹಿಡಿಯೋದು ಕಲಿಸಿ ಕೊಡ್ತೀನಿ. ಚೈನು ಕಚ್ಚಿಕೊಂಡ್ರೆ, ಹಲ್ಲು ಮೊಂಡಾದ್ರೆ ಇಲ್ಲೇ ತರಬಹುದು. ಒಂದೇ ಮಾತು, ಪೆಟ್ರೋಲ್ ಹಾಕಿದ್ಮೇಲೆ ವಾಪಸ್ ತಗೊಳಲ್ಲ. ಗಂಡನನ್ನ ತಗೊಂಡ ಹಾಗೆ."

ಅಪ್ಪ ಮಗ ಇಬ್ಬರೂ ಗಡ್ಡ ಕೆರೆದುಕೊಂಡರು. ಸೈಮಾ ಅಷ್ಟರಲ್ಲಿ ಪಕ್ಕದ ಕಂಬದಲ್ಲಿ ತೂಗುತ್ತಿದ್ದ ಚರ್ಮದ ಕೈಗವಸುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಹಾಕಿ, ಬೆರಳು ಮಡಚಿ, ಬಿಚ್ಚಿ ನೋಡಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದಳು. ಕೊನೆಗೆ ಚೈನಿನ ಎಣ್ಣೆಯದ್ದೊಂದು ಡಬ್ಬಿ ಕೊಂಡು ಮೂವರೂ ಮನೆಗೆ ಬಂದರು.

ಆಮೇಲೆ ಎರಡು ವಾರ ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಬ್ಯಾಟರಿಯದ್ದು ಹೊಗೆ ಬಿಡುವುದಿಲ್ಲ, ಶುರು ಮಾಡಲು ದಾರ ಎಳೆಯಬೇಕಿಲ್ಲ. ಆದರೆ ಚಳಿಗೆ ಬೇಗ ಸೋಲುತ್ತದೆ. ಪೆಟ್ರೋಲಿನದ್ದು ಸೋಲುವುದಿಲ್ಲ, ಆದರೆ ಭುಜ ನೋಯುವವನು ದಾರ ಎಳೆಯುವುದು ಹೇಗೆ? ಟೆಸ್ಸಾ ತಿಂಡಿಯ ಹೊತ್ತಿಗೆ ಫೋನಿನಲ್ಲಿ ವಿಡಿಯೋ ಹಾಕುತ್ತಿದ್ದಳು.

"ಈ ಗಡ್ಡದೋನು ಪೆಟ್ರೋಲೇ ಸರಿ ಅಂತಾನೆ ಅಜ್ಜ."

"ನಿನ್ನೆ ಅವನೇ ಬ್ಯಾಟರಿ ಅಂದನಲ್ಲ."

"ಅದು ಬೇರೆ ಗಡ್ಡದೋನು."

ಪಕ್ಕದ ತೋಟದವನು ಬಂದು ಇಂಟರ್ನೆಟ್ಟಿನಲ್ಲಿ ತರಿಸಿ ಎಂದ. ಅವನ ತಮ್ಮ ಬಂದು ಅಣ್ಣನ ಮಾತು ಕೇಳಬೇಡಿ ಎಂದ. ಇಬ್ಬರೂ ಸೈಮಾ ಮಾಡಿದ ಏಲಕ್ಕಿ ಬ್ರೆಡ್ಡು ತಿಂದು, ಕಾಫಿ ಕುಡಿದು ಹೋದರು. ಬರ್ಚ್ ಮರಗಳು ಬಿದ್ದಲ್ಲೇ ಇದ್ದವು. ಎಲೆ ಹಳದಿಯಾಗತೊಡಗಿತು.

ಆರ್ವೋನ ಅಪ್ಪ ಆ ಸೌನಾ ಕಟ್ಟಿದಾಗ ಕೆಲವು ಕಟ್ಟಳೆ ಮಾಡಿ ಹೋಗಿದ್ದ. ಸೌನಾದ ಹಲಗೆಯ ಮೇಲೆ ಕೂತು ಯಾರೂ ದನಿ ಎತ್ತಬಾರದು, ವಾದ ಮಾಡಬಾರದು. ಅಲ್ಲಿ ತೀರ್ಮಾನವಾದದ್ದನ್ನು ಊಟದ ಮೇಜಿಗೆ ಎಳೆದು ಕೆದಕಬಾರದು. ಮತ್ತು ಮೊದಲ ಬಿಸಿ ಸೌದೆ ಕೊಯ್ದವರಿಗೆ. ಕಲ್ಲು ಕೆಂಪಗೆ ಕಾದಿರುವಾಗಿನ ಹಬೆಯೇ ಹಬೆ, ಆಮೇಲಿನದ್ದು ಬರಿಯ ಬೆಚ್ಚಗೆ. ಹಾಗಾಗಿ ಪ್ರತಿ ಶನಿವಾರ ಗಂಡಸರು ಮೊದಲು, ಹೆಂಗಸರು ಆಮೇಲೆ. ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಆ ಶನಿವಾರ ಮೇಲಿನ ಹಲಗೆಯಲ್ಲಿ ಅಪ್ಪ, ಕೆಳಗಿನದರಲ್ಲಿ ಮಗ ಕೂತಿದ್ದರು. ಡೇಲ್ ಕಲ್ಲಿನ ಮೇಲೆ ನೀರು ಹಾಕಿದ.

"ಅಪ್ಪ, ನಾನು ಬ್ಯಾಟರಿದು ತಂದುಬಿಡ್ತೀನಿ. ದೊಡ್ಡ ಮಳಿಗೆಯಿಂದ. ನೀನು ಕೊಯ್ಯಿ, ನಾನು ರಜಾ ದಿನ ಸೀಳ್ತೀನಿ."

ಆರ್ವೋಗೆ ದೊಡ್ಡ ಮಳಿಗೆ ಹಿಡಿಸುತ್ತಿರಲಿಲ್ಲ. ಆದರೆ 'ನೀನು ಕೊಯ್ಯಿ' ಎಂದು ಫೆಬ್ರವರಿಯಿಂದ ಅವನಿಗೆ ಯಾರೂ ಹೇಳಿರಲಿಲ್ಲ.

"ಹೂಂ," ಎಂದ. ಅಲ್ಲಿಗೆ ಅದು ತೀರ್ಮಾನ.

ಗಂಡಸರು ಟವೆಲ್ ಸುತ್ತಿಕೊಂಡು ಜಗುಲಿಯಲ್ಲಿ ಬಿಯರ್ ಹಿಡಿದು ಕೂತರು. ಹೆಂಗಸರು ಒಳಗೆ ಹೋದರು. ಸೈಮಾ ಸೌನಾದ ರೂಢಿಯಂತೆ ಬೆನ್ನಿಗೆ ಬರ್ಚ್ ಎಲೆಯ ಕಟ್ಟಿನಿಂದ ಹೊಡೆದುಕೊಳ್ಳುತ್ತ ಹೇಳಿದಳು.

"ಗರಗಸ ಲೂಮಾ ಅಂಗಡೀಲೇ ತಗೊಳ್ಳೋಣ. ಆ ಚಿಕ್ಕದನ್ನೇ. ನಾನೇ ಕೊಯ್ಯೋದು."

ರೋಂಡಾ ಕಣ್ಣು ಬಿಟ್ಟಳು. "ನೀವಾ? ಸೈಮಾ, ನಿಮಗೆ ಎಪ್ಪತ್ತೆರಡು."

"ಆರ್ವೋಗೆ ಎಪ್ಪತ್ತಾರು. ಯಾರು ಚಿಕ್ಕೋರು?"

"ಅದಲ್ಲ ನಾನು ಹೇಳಿದ್ದು."

"ಮರ ಪೇರಿಸಿರಬೇಕು ಅಂದೆ. ಯಾರು ಅಂತ ನೀನು ಹೇಳಲಿಲ್ಲ. ಹೇಳಿದ್ಯಾ?"

ರೋಂಡಾಗೆ ಹೇಳಲು ಬಹಳ ಇತ್ತು. ಆದರೆ ಕೂತದ್ದು ಹಲಗೆಯ ಮೇಲೆ. ಸುಮ್ಮನೆ ಸೌಟಿನಲ್ಲಿ ನೀರು ತೆಗೆದು ಕಲ್ಲಿಗೆ ಹಾಕಿದಳು, ಬೇಕಿದ್ದದ್ದಕ್ಕಿಂತ ಜಾಸ್ತಿಯೇ.

"ಅಮ್ಮಾ, ಸಾಯಿಸ್ತೀಯಾ," ಎಂದು ಟೆಸ್ಸಾ ಕೆಳಗಿನ ಹಲಗೆಗೆ ಇಳಿದಳು.

"ಆರ್ವೋಗೆ ಈಗಲೇ ಹೇಳಬೇಡಿ," ಎಂದಳು ಸೈಮಾ. "ತಂದ್ಮೇಲೆ ನಾನೇ ಹೇಳ್ತೀನಿ."

ಹೀಗೆ ಒಂದೇ ಸಂಜೆ, ಒಂದೇ ಕಲ್ಲಿನ ಬಿಸಿಯಲ್ಲಿ ಎರಡು ತೀರ್ಮಾನ ಆದವು. ಎರಡೂ ಪಕ್ಕಾ. ಊಟಕ್ಕೆ ಕೂತಾಗ ಅದರ ಮಾತು ಯಾರೂ ಎತ್ತಲಿಲ್ಲ. ಗರಗಸದ ಸುದ್ದಿಯೇ ಇಲ್ಲದ ಆ ಊಟ ಎಲ್ಲರಿಗೂ ಹಿತವಾಗಿತ್ತು. ಸೈಮಾ ಗಂಡನಿಗೆ ಇನ್ನೊಂದು ತುಂಡು ಸಾಸೇಜ್ ಬಡಿಸಿದಳು.

ಬುಧವಾರ ಸಂಜೆ ಡೇಲ್ ದೊಡ್ಡ ಡಬ್ಬ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಆರ್ವೋ ಕನ್ನಡಕ ಹಾಕಿಕೊಂಡು ಹಸಿರು ಬಣ್ಣದ ಬ್ಯಾಟರಿ ಗರಗಸವನ್ನು ಹೊರತೆಗೆದು, ಚೈನು ಸುತ್ತುವ ಉದ್ದ ಪಟ್ಟಿ ಕೂರಿಸಿ, ಎಣ್ಣೆ ಹಾಕಿದ. ಅಷ್ಟು ಹೊತ್ತಿಗೆ ಹೊರಗೆ ಕಾರು ನಿಂತಿತು. ಸೈಮಾ ಹಳೆಯ ಟವೆಲಿನಲ್ಲಿ ಸುತ್ತಿದ್ದನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಒಳಗೆ ಬಂದಳು. ಹಿಂದೆ ರೋಂಡಾ, ಟೆಸ್ಸಾ. ಮನೆಯೆಲ್ಲ ಪೆಟ್ರೋಲ್ ವಾಸನೆ.

"ಅದೇನು?" ಎಂದ ಡೇಲ್.

"ಗರಗಸ. ಅದೇನು?" ಎಂದಳು ರೋಂಡಾ.

"ಗರಗಸ."

"ಯಾರದ್ದು?"

"ಅಪ್ಪಂದು. ಅದು?"

"ಅಜ್ಜೀದು," ಎಂದಳು ಟೆಸ್ಸಾ.

"ಅಜ್ಜಿಗ್ಯಾಕೆ ಗರಗಸ?"

"ನಾವು ತೀರ್ಮಾನ ಮಾಡಿದ್ವಲ್ಲ, ಶನಿವಾರ."

"ನಾವೂ ತೀರ್ಮಾನ ಮಾಡಿದ್ವಿ. ಶನಿವಾರವೇ."

ಏನಾಗಿದೆ ಎಂದು ಅರ್ಥವಾದ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಬ್ಯಾಟರಿಯದನ್ನು ವಾಪಸ್ ಕೊಡು ಎಂದಳು ರೋಂಡಾ, ಪೆಟ್ರೋಲಿನದ್ದನ್ನು ಗರ್ಟಿ ತಗೊಳ್ಳುವುದಿಲ್ಲವಲ್ಲ. ಕೊಡಬಹುದು, ಡಬ್ಬ ಚೊಕ್ಕವಾಗಿದ್ದರೆ ಎಂದ ಡೇಲ್. ನೋಡಿದರೆ ಬ್ಯಾಟರಿ ಗರಗಸದಿಂದ ಡಬ್ಬದ ಮೇಲೂ ಸೈಮಾಳ ಮೇಜುಬಟ್ಟೆಯ ಮೇಲೂ ಆಗಲೇ ಎಣ್ಣೆ ಸೋರಿತ್ತು. ಆರ್ವೋ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಗರ್ಟಿ ಕೇಳಿದ್ಲಾ," ಎಂದ ಕೊನೆಗೆ, "ಯಾರು ಕೊಯ್ಯೋದು ಅಂತ?"

"ಕೇಳಿದ್ಲು."

"ಏನಂದೆ?"

"ನಾನು ಅಂದೆ."

"ಅಂಗಡೀಲಿ ಬೇರೆ ಜನ ಇದ್ರಾ?"

"ಇದ್ರು. ಮೊಳೆ ತಗೊಳ್ತಿದ್ರು. ಅವರಿಗೇನು?"

"ಅವರಿಗೇನೂ ಇಲ್ಲ. ಆರ್ವೋ ಮಟ್ಟಿಲಾನ ಸೌದೆ ಅವನ ಹೆಂಡತಿ ಕೊಯ್ತಾಳೆ, ಅಷ್ಟೇ. ಊರಿಗೆ ಕಾಫಿ ಜೊತೆ ಕಚ್ಚಿಕೊಳ್ಳೋಕೆ ಏನಾದ್ರೂ ಬೇಕಲ್ಲ."

"ಸೌದೆ ನನ್ನದೂ ಹೌದು," ಎಂದಳು ಸೈಮಾ. "ಆ ಒಲೆಯ ಮುಂದೆ ನಾನೂ ಕೂರ್ತೀನಿ."

ಅವನು ಎದ್ದು ಹೋದ. ಏಲಕ್ಕಿ ಬ್ರೆಡ್ಡು ಮುಟ್ಟಲಿಲ್ಲ. ಎರಡೂ ಗರಗಸಗಳು ಜಗುಲಿಯಲ್ಲಿ ಅಕ್ಕಪಕ್ಕ ಕೂತವು. ಯಾವುದು ಹೋಗಬೇಕು, ಯಾವುದು ಇರಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಹಾದುಹೋಗುವಾಗ ಎಲ್ಲರೂ ಅವನ್ನು ಸುತ್ತಿಕೊಂಡು ಹೋಗುತ್ತಿದ್ದರು. ಗಂಡ ಹೆಂಡತಿಯ ನಡುವೆ ಉಪ್ಪು ಕೊಡು, ಕಾಫಿ ಇದೆಯಾ ಎಂಬಷ್ಟೇ ಮಾತು. ರೋಂಡಾ ಗ್ಯಾಸಿನವನ ನಂಬರು ಫ್ರಿಜ್ಜಿಗೆ ಅಂಟಿಸಿದಳು.

ಮುಂದಿನ ಮಂಗಳವಾರ ಸೈಮಾ ಚರ್ಚಿನ ಹೆಂಗಸರ ಜೊತೆ ಮಾರಾಟಕ್ಕೆ ಪ್ಯಾಸ್ಟಿ ಮಾಡಲು ಹೋಗಿದ್ದಳು. ಮಾಂಸ, ಆಲೂಗಡ್ಡೆ ತುಂಬಿದ ಆ ಕಡುಬನ್ನು ಬಟ್ಟೆಯಲ್ಲಿ ಸುತ್ತಿ, ಬಿಸಿ ಆರುವ ಮೊದಲೇ ಮನೆಗೆ ತಂದಳು. ಆರ್ವೋ ಬರಿ ಅಂಗಿಯಲ್ಲಿ ಒಲೆಯ ಮುಂದೆ ಕೂತಿದ್ದ. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಜಾಕೆಟ್ ಎಲ್ಲಿ? ಹೊರಗೆ ಈ ಚಳಿ."

"ಹೊರಗಿದೆ."

"ಹೊರಗೆ ಯಾಕಿದೆ?"

"ಇದೆ."

ಸೈಮಾ ಪ್ಯಾಸ್ಟಿ ತಟ್ಟೆಗೆ ಹಾಕಿಟ್ಟು, ಕೋಳಿಗೆ ಕಾಳು ಹಾಕಿ ಬರುತ್ತೇನೆಂದು ಹಿತ್ತಲಿಗೆ ಹೋದಳು. ಜಗುಲಿಯಲ್ಲಿ ಒಂದೇ ಗರಗಸ ಇತ್ತು, ಅವಳದ್ದು. ಬಿದ್ದ ಮರಗಳ ಹತ್ತಿರ ಹೋದಾಗ ಜಾಕೆಟ್ ಸಿಕ್ಕಿತು. ಎಲ್ಲಕ್ಕಿಂತ ದಪ್ಪ ದಿಮ್ಮಿಯ ನಡುವೆ, ಯಾರೋ ಕವುಚಿ ಮಲಗಿದ ಹಾಗೆ, ಗುಂಡಿ ಹಾಕಿ ಹೊದಿಸಿದ್ದ. ಎತ್ತಿ ನೋಡಿದಳು. ಅಡಿಯಲ್ಲಿ ಹಸಿರು ಗರಗಸ, ಪಟ್ಟಿಯ ಬುಡದವರೆಗೂ ಮರದೊಳಗೆ ಸಿಕ್ಕಿಕೊಂಡು ಕೂತಿತ್ತು. ದಿಮ್ಮಿಯ ಎರಡು ತುದಿಗೂ ಬೇರೆ ಮರಗಳ ಆಸರೆ, ನಡುವೆ ಕೆಳಗೆ ಬಯಲು. ಮೇಲಿನಿಂದ ಕೊಯ್ದರೆ ದಿಮ್ಮಿ ಬಾಗಿ, ಕೊಯ್ದ ಬಾಯಿ ಮುಚ್ಚಿ ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಡೇಲ್‌ಗೆ ಕಲಿಸಿದವನೇ ಅವನು.

ಅವಳು ಎಳೆದು ನೋಡಿದಳು. ಅಲುಗಲಿಲ್ಲ. ಜಾಕೆಟ್ಟನ್ನು ಮತ್ತೆ ಹೊದಿಸಿ, ಗುಂಡಿ ಹಾಕಿದಳು. ಆಮೇಲೆ ಯಾಕೋ ಬೇಸರವಾಗಿ, ಗುಂಡಿ ಬಿಚ್ಚಿ, ತಾನೇ ತೊಟ್ಟುಕೊಂಡು ಜಗುಲಿಗೆ ಬಂದು ತನ್ನ ಗರಗಸ ಎತ್ತಿದಳು.

ಮತ್ತೆ ಮರದ ಹತ್ತಿರ ಹೋಗುವಷ್ಟರಲ್ಲಿ ಟೆಸ್ಸಾ ಕೆಲಸದಿಂದ ಬಂದು ಸಿಕ್ಕಿಕೊಂಡ ಗರಗಸ ನೋಡಿದಳು. "ಅಜ್ಜೀ, ಒಬ್ಬಳೇ ಬೇಡ. ತಡಿ, ವಿಡಿಯೋ ನೋಡ್ತೀನಿ."

"ಬೇಗ ನೋಡು."

"ಇವನು ಸಿಕ್ಕಿಕೊಂಡಿರೋದರ ಹತ್ತಿರದಲ್ಲೇ ಕೊಯ್ಯಿ ಅಂತಾನೆ. ಇನ್ನೊಬ್ಬ ದೂರ ಅಂತಾನೆ. ಇವನಂತೂ ಬರೀ ಬೆಣೆ ಹೊಡಿ ಅಂತಿದಾನೆ."

"ಗಡ್ಡ ಇದ್ಯಾ?"

"ಮೂರೂ ಜನಕ್ಕೂ ಇದೆ."

ಸೈಮಾ ದಾರ ಎಳೆದಳು. ಗರಗಸ ಕೆಮ್ಮಿತು. ಗರ್ಟಿ ಹೇಳಿಕೊಟ್ಟದ್ದೆಲ್ಲ ತಲೆಯಲ್ಲಿ ಕಲಸಿಹೋಗಿತ್ತು. ಮೊದಲು ಈ ಗುಂಡಿಯೋ, ಆ ಗುಂಡಿಯೋ. ಮತ್ತೆ ಮತ್ತೆ ಎಳೆದಳು. ಕೊನೆಗೆ ಹೊತ್ತಿಕೊಂಡು ಹಿತ್ತಲೆಲ್ಲ ತುಂಬುವ ಹಾಗೆ ಕೂಗಿತು. ಅಡುಗೆಮನೆಯ ಬಾಗಿಲು ತೆರೆದುಕೊಂಡಿತು.

ಆರ್ವೋ ಬರಿ ಅಂಗಿಯಲ್ಲೇ ಬಂದು, ದಿಮ್ಮಿಯಿಂದ ಸ್ವಲ್ಪ ದೂರ ನಿಂತ. ಹೆಂಡತಿ ತನ್ನ ಜಾಕೆಟ್ ತೊಟ್ಟಿರುವುದನ್ನು ನೋಡಿದ. ಕೈ ಬೀಸಿ ಗರಗಸ ನಿಲ್ಲಿಸು ಎಂದ. ಅವಳು ನಿಲ್ಲಿಸಿದಳು.

"ಮೇಲಿಂದಲೇ ಕೊಯ್ದಿದ್ದೀಯಲ್ಲ," ಎಂದಳು ಅವಳು. "ಗೊತ್ತಿರಲಿಲ್ವಾ ನಿನಗೆ?"

"ಗೊತ್ತಿತ್ತು."

"ಮತ್ತೆ?"

ಅವನು ಎಡಗೈ ನೋಡಿಕೊಂಡ. "ಕೆಳಗಿಂದ ಮೇಲಕ್ಕೆ ಎತ್ತಿ ಹಿಡಿಯೋಕೆ ಆಗಲಿಲ್ಲ. ಗರಗಸ ಹಗುರವೇ. ಕೈಯೇ ಏಳಲಿಲ್ಲ."

ಟೆಸ್ಸಾ ಫೋನು ಜೇಬಿಗೆ ಹಾಕಿದಳು. ಸೈಮಾ ಜಾಕೆಟ್ಟಿನ ತೋಳು ಮಡಚಿಕೊಂಡಳು.

"ಹೇಗೆ ಕೊಯ್ಲಿ?" ಎಂದಳು.

ಅವನು ಮರವನ್ನು ತುದಿಯಿಂದ ತುದಿಗೆ ನೋಡಿದ. "ಸಿಕ್ಕಿಕೊಂಡ ಜಾಗದಿಂದ ಒಂದು ಮೊಳ ಈಚೆ ಬಾ. ಇನ್ನೂ ಈಚೆ. ಕಾಲು ಅಗಲಿಸು, ಪಾದ ಮರದ ಅಡಿಗೆ ತರಬೇಡ. ಟೆಸ್ಸಾ, ನೀನು ಹಿಂದೆ ಹೋಗು. ಮೇಲಿಂದ ಎರಡು ಬೆರಳಿನಷ್ಟು ಇಳಿಸು, ಸಾಕು. ಆಮೇಲೆ ಕೆಳಗಿಂದ ಮೇಲಕ್ಕೆ. ಒತ್ತಬೇಡ. ಅದೇ ತಿನ್ನುತ್ತೆ."

ಒತ್ತಿದಳು. ಅವನು ಬೈಯಲಿಲ್ಲ. ಎರಡನೆಯ ಸಲ ಒತ್ತಲಿಲ್ಲ. ಬಿಳಿ ಪುಡಿ ಹಾರಿ ಅವಳ ತಲೆಬಟ್ಟೆಯ ಮೇಲೆಲ್ಲ ಕೂತಿತು. ದಿಮ್ಮಿ ಫಟ್ ಎಂದು ತುಂಡಾಗಿ ಕೆಳಗೆ ಬಿತ್ತು, ಹಸಿರು ಗರಗಸ ಸಡಿಲವಾಗಿ ಪಕ್ಕಕ್ಕೆ ವಾಲಿತು. ಮರ ಒಳಗೆ ಕೊಳೆತಿರಲಿಲ್ಲ, ಬೆಣ್ಣೆಯ ಬಣ್ಣ.

"ಎರಡು ಗರಗಸ ಇಲ್ದೆ ಕಾಡಿಗೆ ಹೋಗಬಾರದು ಅಂತ ನಮ್ಮಪ್ಪ ಹೇಳ್ತಿದ್ದ," ಎಂದ ಆರ್ವೋ. "ಒಂದು ಸಿಕ್ಕಿಕೊಳ್ಳೋಕೆ, ಇನ್ನೊಂದು ಬಿಡಿಸೋಕೆ."

"ಮೊದಲೇ ಹೇಳಿದ್ರೆ ಅಷ್ಟು ಜಗಳ ಇರ್ತಿರಲಿಲ್ಲ," ಎಂದಳು ಸೈಮಾ. "ಒಳಗೆ ನಡಿ. ಪ್ಯಾಸ್ಟಿ ಆರಿಹೋಯ್ತು."

ಆ ವಾರವೆಲ್ಲ ಬೆಳಗಿನ ಕಾಫಿ ಮುಗಿದ ಮೇಲೆ ಅವಳು ಕೊಯ್ದಳು, ಅವನು ಪಕ್ಕದಲ್ಲಿ ನಿಂತು ಎಲ್ಲಿ, ಹೇಗೆ ಎಂದು ಹೇಳಿದ. ಕೆಲವು ಸಲ ಅವನು ಹೇಳಿದ್ದು ತಪ್ಪಾಯಿತು, ಕೆಲವು ಸಲ ಅವಳು ಕೇಳಲಿಲ್ಲ. ಮಧ್ಯಾಹ್ನ ಅವನು ಬೆಂಚಿನ ಮುಂದೆ ಕೂತು, ಎರಡೂ ಚೈನುಗಳನ್ನು ಇಕ್ಕಳಕ್ಕೆ ಕಚ್ಚಿಸಿ ಬಲಗೈಯಿಂದ ಅರ ಹಾಕಿ ಹಲ್ಲು ಚೂಪು ಮಾಡಿದ. ಬ್ಯಾಟರಿಯದ್ದು ಸಣ್ಣ ಕೊಂಬೆಗೆಂದು ಟೆಸ್ಸಾಳ ಪಾಲಿಗೆ ಬಂತು. ರಾಶಿ ಅರ್ಧವೂ ಆಗಿರಲಿಲ್ಲ. ಗ್ಯಾಸಿನವನ ನಂಬರು ಫ್ರಿಜ್ಜಿನ ಮೇಲೆ ಹಾಗೇ ಇತ್ತು. ಅದರ ಮುಂದೆ ನಿಂತು ರೋಂಡಾ ಒಂದು ಸಲ ಓದಿದಳು, ಹಾಲು ತೆಗೆದುಕೊಂಡು ಬಾಗಿಲು ಮುಚ್ಚಿದಳು.

ಶನಿವಾರ ಸೌನಾದ ಹೊಗೆ ನೇರವಾಗಿ ಮೇಲೆದ್ದಿತ್ತು. ಡೇಲ್ ಟವೆಲ್ ಹೆಗಲಿಗೆ ಹಾಕಿ ಮೆಟ್ಟಿಲು ಇಳಿದ. "ಅಪ್ಪ, ಕಲ್ಲು ಕಾದಿದೆ. ಬಾ."

ಆರ್ವೋ ಜಗುಲಿಯ ಬೆಂಚಿನಿಂದ ಏಳಲಿಲ್ಲ. "ಕೂತ್ಕೋ."

"ಯಾಕೆ?"

"ಸೌದೆ ಕೊಯ್ದೋರು ಹೋಗಲಿ ಮೊದಲು."

ಡೇಲ್‌ಗೆ ಗೊಂದಲವಾಯಿತು. "ಈಗ ಉರಿಯೋದು ಹಳೇ ಸೌದೆ ಅಪ್ಪ, ನೀನೇ ಕೊಯ್ದದ್ದು. ಅವರು ಕೊಯ್ದಿದ್ದು ಒಣಗಿ ಒಲೆಗೆ ಬರೋದು ಮುಂದಿನ ವರ್ಷ."

"ಮುಂದಿನ ವರ್ಷ ಇರ್ತೀವಲ್ಲ. ಕೂತ್ಕೋ."

ಸೈಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಟವೆಲ್ ತೆಗೆದುಕೊಂಡು, ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಅಂಗಳ ದಾಟಿದಳು. ಹಗ್ಗ ಕಟ್ಟಿದ ಬಾಗಿಲು ತೆರೆದಾಗ ಮೊದಲ ಬಿಸಿ ಮುಖಕ್ಕೆ ಬಡಿಯಿತು. ಅವಳು ಅಲ್ಲೇ ಒಂದು ಕ್ಷಣ ನಿಂತಳು.

"ನೀರು ಜಾಸ್ತಿ ಹಾಕಬೇಡ," ಎಂದು ಆರ್ವೋ ಜಗುಲಿಯಿಂದ ಕೂಗಿದ. "ನಮಗೂ ಸ್ವಲ್ಪ ಉಳಿಸು."

"ನೋಡೋಣ," ಎಂದು ಸೈಮಾ ಬಾಗಿಲು ಎಳೆದುಕೊಂಡಳು.